ಪೆನ್‌ಡ್ರೈವ್ ಇಲ್ಲದೆ ಲ್ಯಾಬ್ ಬೂಟ್

ಪ್ರಾಯೋಗಿಕ ಪರೀಕ್ಷೆಗೆ ಮುಂಚೆ ಲ್ಯಾಬಿನ ಎಲ್ಲ ಕಂಪ್ಯೂಟರ್‌ಗಳಿಗೂ ಉಬುಂಟು, ವಿಂಡೋಸ್ ಎರಡನ್ನೂ ಹಾಕಬೇಕಿತ್ತು. ಇದ್ದದ್ದು ಒಂದೇ ಪೆನ್‌ಡ್ರೈವ್. ಹಾಗಾಗಿ ನೆಟ್‌ವರ್ಕ್ ಮೂಲಕವೇ ಬೂಟ್ ಮಾಡಿಸುವ ಪಿಎಕ್ಸ್‌ಇ ಸರ್ವರ್ ಕಟ್ಟಲು ಹೊರಟೆ.

ಕಂಪ್ಯೂಟರ್ ಆನ್ ಆದೊಡನೆ ಅದರ ನೆಟ್‌ವರ್ಕ್ ಕಾರ್ಡ್ ತನಗೊಂದು ವಿಳಾಸವನ್ನೂ ಬೂಟ್ ಫೈಲಿನ ಹೆಸರನ್ನೂ ಕೇಳುತ್ತದೆ. ಡಿಎಚ್‌ಸಿಪಿ ಉತ್ತರಿಸುತ್ತದೆ, ಫೈಲನ್ನು ಟಿಎಫ್‌ಟಿಪಿ ಕಳಿಸುತ್ತದೆ. ಆಗ ಬರುವ ಮೆನುವಿನಲ್ಲಿ ಬೇಕಾದ ಆಪರೇಟಿಂಗ್ ಸಿಸ್ಟಂ ಆರಿಸಿದರಾಯಿತು. ಡಿಎನ್‌ಎಸ್‌ಮಾಸ್ಕ್ ಎಂಬ ಪುಟ್ಟ ತಂತ್ರಾಂಶ ಈ ಎರಡೂ ಕೆಲಸ ಮಾಡುತ್ತದೆ.

ಹಳೆಯ ಕಂಪ್ಯೂಟರ್‌ಗಳಲ್ಲಿ ಮೆನು ಬಂತು. ಹೊಸವು ಕಪ್ಪು ಪರದೆಯಲ್ಲೇ ನಿಂತವು. ಕೇಬಲ್ ಬದಲಿಸಿದೆ, ಸ್ವಿಚ್ ಬದಲಿಸಿದೆ, ಒಂದು ಮಧ್ಯಾಹ್ನವೇ ಹೋಯಿತು. ತಪ್ಪು ನನ್ನದೇ! ಹಳೆಯವು ಬಯೋಸ್, ಹೊಸವು ಯುಇಎಫ್‌ಐ. ನಾನು ಎಲ್ಲಕ್ಕೂ ಒಂದೇ ಫೈಲ್ ಕೊಟ್ಟಿದ್ದೆ. ಕೇಳುವಾಗಲೇ ಯಂತ್ರ ತಾನು ಯಾವ ಬಗೆಯದೆಂದು ಡಿಎಚ್‌ಸಿಪಿಯ 93ನೇ ಆಪ್ಷನ್‌ನಲ್ಲಿ ತಿಳಿಸಿರುತ್ತದೆ: ಬಯೋಸ್ ಆದರೆ 0, 64 ಬಿಟ್ ಯುಇಎಫ್‌ಐ ಆದರೆ ಸಾಮಾನ್ಯವಾಗಿ 7. ಆ ಸಂಖ್ಯೆ ನೋಡಿ ಫೈಲ್ ಕೊಡುವಂತೆ ಬರೆದ ಮೇಲೆ ಎಲ್ಲವೂ ಎದ್ದವು.

ವಿಂಡೋಸ್ ಮಾತ್ರ ಸ್ವಲ್ಪ ಹಟಮಾರಿ. ಮೊದಲು ವಿನ್‌ಪಿಇ ಬರಬೇಕು, ಅದು ಸಾಂಬಾ ಫೋಲ್ಡರಿನಿಂದ ಉಳಿದದ್ದನ್ನು ಎಳೆದುಕೊಳ್ಳಬೇಕು. ನೀವು ಪ್ರಯತ್ನಿಸುವುದಾದರೆ, ರೂಟರ್ ಆಗಲೇ ವಿಳಾಸ ಹಂಚುತ್ತಿದೆಯೇ ನೋಡಿಕೊಳ್ಳಿ. ಹಂಚುತ್ತಿದ್ದರೆ ಡಿಎನ್‌ಎಸ್‌ಮಾಸ್ಕನ್ನು ಪ್ರಾಕ್ಸಿ ವಿಧಾನದಲ್ಲಿ ನಡೆಸಿ.