ಕಾರ್ಯಾಗಾರದ ಗಾಳಿಯ ಪರೀಕ್ಷೆ

ಕಿಟಕಿಯ ಸಂದಿನಿಂದ ಬಿಸಿಲಿನ ಕೋಲು ಕೋಣೆಯೊಳಗೆ ಬಿದ್ದಾಗ ಅದರಲ್ಲಿ ಅಸಂಖ್ಯಾತ ಧೂಳಿನ ಕಣಗಳು ತೇಲಾಡುವುದನ್ನು ವಿದ್ಯಾರ್ಥಿನಿಯರೆಲ್ಲರೂ ನೋಡಿರುವಿರಷ್ಟೆ. ಬಿಸಿಲು ಬೀಳದ ಕಡೆಯಲ್ಲಿಯೂ ಅವು ಇದ್ದೇ ಇರುವುವು. ಕಣ್ಣಿಗೆ ಮಾತ್ರ ತೋರವು. ಈ ಅಲ್ಪ ಸಂಗತಿಯೇ ಬ್ರಿಟನ್ನಿನ ಶಾಲಾ ಕಾರ್ಯಾಗಾರಗಳಲ್ಲಿ ನಡೆಯುವ ಒಂದು ಪರೀಕ್ಷೆಗೆ ಆಧಾರವಾಗಿರುವುದು.

ಆ ದೇಶದ ಮಕ್ಕಳು ಮರಗೆಲಸವನ್ನೂ ಬೆಸುಗೆಯನ್ನೂ ಶಾಲೆಯಲ್ಲಿಯೇ ಕಲಿಯುವುದುಂಟು. ಮರವನ್ನು ಉಜ್ಜುವ ಯಂತ್ರದಿಂದೇಳುವ ಸೂಕ್ಷ್ಮವಾದ ಪುಡಿಯೂ ಬೆಸುಗೆಯ ರಾಳದ ಹೊಗೆಯೂ ಉಬ್ಬಸವನ್ನುಂಟುಮಾಡಬಲ್ಲವು. ಗಟ್ಟಿ ಮರಗಳ ಧೂಳನ್ನು ಬಹುಕಾಲ ಸೇವಿಸಿದವರಿಗೆ ಮೂಗಿನಲ್ಲಿ ಅರ್ಬುದ ರೋಗವು ತಲೆದೋರುವುದೂ ಉಂಟು. ಗಟ್ಟಿ ಮರದ ಧೂಳಿಗೆ ಅಲ್ಲಿ 2020ರಲ್ಲಿ ಗೊತ್ತುಮಾಡಿದ ಮೇರೆಯು, ಎಂಟು ಗಂಟೆಗಳ ಸರಾಸರಿಯಂತೆ, ಘನಮೀಟರು ಗಾಳಿಗೆ 3 ಮಿಲಿಗ್ರಾಮು. ಆದಕಾರಣ ಯಂತ್ರಗಳಿಗೆ ಹೀರುಗೊಳವೆಗಳನ್ನು ಜೋಡಿಸಿ, ಬೀಸಣಿಗೆಯ ಬಲದಿಂದ ಧೂಳನ್ನು ಸೋಸುಚೀಲಕ್ಕೆ ಎಳೆಯುವರು.

ಬೀಸಣಿಗೆಯು ಸದ್ದುಮಾಡಿದ ಮಾತ್ರಕ್ಕೆ ಗಾಳಿಯು ಶುದ್ಧವಾಯಿತೆಂದು ನಂಬಲಾಗದು. ಚೀಲವು ತುಂಬಿದ್ದರೂ, ಗೊಳವೆಯು ಹರಿದಿದ್ದರೂ, ಕೆಲಸವಿಲ್ಲದ ಬೇರೊಂದು ಯಂತ್ರದ ತೂಬು ತೆರೆದಿದ್ದರೂ ಸದ್ದು ನಿಲ್ಲುವುದಿಲ್ಲ. ಹೀರುವ ಬಲವು ಮಾತ್ರ ಕುಂದುವುದು. ಆದುದರಿಂದ 2002ರ ನಿಯಮಾವಳಿಯ ಪ್ರಕಾರ 14 ತಿಂಗಳಿಗೊಮ್ಮೆಯಾದರೂ ಬಲ್ಲವರಿಂದ ಪೂರ್ಣಪರೀಕ್ಷೆಯನ್ನು ಮಾಡಿಸತಕ್ಕದ್ದು.

ಪರೀಕ್ಷಕನು ಮೊದಲು ಗೊಳವೆಗಳನ್ನು ಕಣ್ಣಾರೆ ನೋಡುವನು. ತರುವಾಯ ಗಾಳಿಯ ವೇಗವನ್ನೂ ಒತ್ತಡವನ್ನೂ ಅಳೆದು, ಯಂತ್ರವು ಹೊಸದಾಗಿದ್ದಾಗ ಬರೆದಿಟ್ಟ ಅಂಕಿಗಳೊಡನೆ ಹೋಲಿಸುವನು. ಹಳೆಯ ಅಂಕಿಗಳಿಲ್ಲದ ಶಾಲೆಯಲ್ಲಿ ಹೋಲಿಸುವುದಾದರೂ ಯಾವುದರೊಡನೆ? ಆಮೇಲೆ ಹೀರುಬಾಯಿಯ ಬಳಿ ಕೃತಕ ಹೊಗೆಯನ್ನು ಬಿಟ್ಟು, ಅದು ಒಳಕ್ಕೆ ಹೋಗುವುದೋ ಕೆಲಸಮಾಡುವವರ ಮುಖದ ಕಡೆಗೆ ತಿರುಗುವುದೋ ಎಂಬುದನ್ನು ಗಮನಿಸುವನು. ಕಡೆಗೆ, ಯಂತ್ರವು ನಡೆಯುತ್ತಿರುವಾಗಲೇ ಧೂಳಿನ ಹಿಂಬದಿಯಿಂದ ಪ್ರಖರವಾದ ದೀಪದ ಕಿರಣವನ್ನು ಹಾಯಿಸಿ, ದೀಪವು ನೇರವಾಗಿ ಕಣ್ಣಿಗೆ ಹೊಡೆಯದಂತೆ ಮರೆಮಾಡಿಕೊಂಡು ಅದರ ಕಡೆಗೆ ನೋಡುವನು. ಬರಿಗಣ್ಣಿಗೆ ಶುದ್ಧವೆಂದು ತೋರಿದ್ದ ಗಾಳಿಯಲ್ಲಿ ಆಗ ಧೂಳಿನ ಮೋಡವೇ ಕಾಣಿಸುವುದುಂಟು. ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿ ಜಾನ್ ಟಿಂಡಾಲರ ಹೆಸರಿನಿಂದ ಈ ಕಿರಣವನ್ನು ಕರೆಯುವರು.

ಬೆಸುಗೆಯ ಮೇಜಿನಲ್ಲಿ ಮತ್ತೊಂದು ಎಚ್ಚರವು ಬೇಕು. ಹೀರುಬಾಯಿಯಿಂದ ಅದರ ವ್ಯಾಸದಷ್ಟು ದೂರ ಸರಿದರೆ ಗಾಳಿಯ ವೇಗವು ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿಯುವುದು. ವಿದ್ಯಾರ್ಥಿನಿಯು ಕೈಗೆ ಅಡ್ಡವಾಗುವುದೆಂದು ಗೊಳವೆಯನ್ನು ಒಂದು ಗೇಣು ಹಿಂದಕ್ಕೆ ತಳ್ಳಿದರೆ, ನಿರ್ದೋಷವೆಂದು ಬರೆದುಕೊಟ್ಟ ಯಂತ್ರವೂ ಅವಳ ಪಾಲಿಗೆ ಇಲ್ಲದಂತೆಯೇ.

ಪರೀಕ್ಷೆಯ ವರದಿಯನ್ನು 5 ವರ್ಷವಾದರೂ ಇಡತಕ್ಕದ್ದು. ಚೀಲವಾದರೋ 14 ತಿಂಗಳು ಕಾಯುವುದಿಲ್ಲ. ಅದನ್ನು ವಾರಕ್ಕೊಮ್ಮೆ ನೋಡಿ ದಿನಾಂಕವನ್ನು ಬರೆಯುವ ಕೆಲಸವನ್ನು ತರಗತಿಯ ಉಪಾಧ್ಯಾಯಿನಿಗೇ ಒಪ್ಪಿಸುವುದು ಲೇಸೆಂದು ನನಗೆ ತೋರುತ್ತದೆ.