ಚರ್ಮದ ಆರೈಕೆಯ ಉತ್ಪನ್ನಗಳು: ಗ್ರಾಹಕನ ನೀತಿಪ್ರಜ್ಞೆ ಮತ್ತು ಬೆಲೆ

ಕ್ರೀಮು, ಲೋಷನ್ನುಗಳನ್ನು ಕೊಳ್ಳುವ ಗ್ರಾಹಕನನ್ನು ಪ್ರಾಣಿದಯೆ, ಪರಿಸರ, ಕಾರ್ಮಿಕರ ಹಿತ ಮುಖ್ಯವೇ ಎಂದು ಕೇಳಿದರೆ ಹೌದೆನ್ನುವವರೇ ಹೆಚ್ಚು. ಆದರೆ ಗಲ್ಲಾಪೆಟ್ಟಿಗೆಯ ಮುಂದೆ ಕೈ ಹೋಗುವುದು ಬಹುಮಟ್ಟಿಗೆ ಕಡಿಮೆ ಬೆಲೆಯ ಡಬ್ಬಿಗೆ. ಮಾರುಕಟ್ಟೆ ಅಧ್ಯಯನಕಾರರು ಇದನ್ನು ಮನೋಭಾವ ಮತ್ತು ವರ್ತನೆಗಳ ನಡುವಣ ಅಂತರವೆನ್ನುತ್ತಾರೆ. ಸಣ್ಣ ತಯಾರಕರು ಬಂಡವಾಳ ಹೂಡುವ ಮುನ್ನ ಈ ಅಂತರವನ್ನು ಅಳೆದು ನೋಡುವುದು ಒಳಿತು.

ಇಂಗ್ಲೆಂಡಿನ 'ಬಾಡಿ ಶಾಪ್' ಸಂಸ್ಥೆಯ ಇತಿಹಾಸ ಇಲ್ಲಿ ಅಭ್ಯಾಸಯೋಗ್ಯ. 1976ರಲ್ಲಿ ಅನಿತಾ ರಾಡಿಕ್ ಬ್ರೈಟನ್ನಿನಲ್ಲಿ ಅಂಗಡಿ ತೆರೆದಾಗ ಕೈಯಲ್ಲಿ ಹಣ ಸಾಲದೆ, ಮೂತ್ರಪರೀಕ್ಷೆಯ ಅಗ್ಗದ ಬಾಟಲಿಗಳಲ್ಲಿ ಸರಕು ತುಂಬಿಸಿ, ಖಾಲಿಯಾದವನ್ನು ಮತ್ತೆ ತುಂಬಿಸಿ ಕೊಟ್ಟರು. ಮುಂದೆ ಪರಿಸರಕಾಳಜಿಯೆಂದು ಪ್ರಸಿದ್ಧವಾದ ಕ್ರಮ ಮೊದಲಿಗೆ ಕೇವಲ ಮಿತವ್ಯಯವಾಗಿತ್ತು! ಪ್ರಾಣಿಗಳ ಮೇಲಿನ ಪ್ರಯೋಗದ ವಿರುದ್ಧ ನಡೆಸಿದ ಆಂದೋಲನವು ಸಂಸ್ಥೆಗೆ ಜಗತ್ತಿನಾದ್ಯಂತ ಹೆಸರು ತಂದಿತು. 2006ರಲ್ಲಿ ಲೋರಿಯಲ್ ಕಂಪನಿ ಅದನ್ನು ಸುಮಾರು 65 ಕೋಟಿ ಪೌಂಡುಗಳಿಗೆ ಕೊಂಡಿತು. ಆದರೆ 2013ರಲ್ಲಿ ಐರೋಪ್ಯ ಒಕ್ಕೂಟವು ಪ್ರಾಣಿಗಳ ಮೇಲೆ ಪರೀಕ್ಷಿಸಿದ ಪ್ರಸಾಧನಗಳ ಮಾರಾಟವನ್ನು ಪೂರ್ಣವಾಗಿ ನಿಷೇಧಿಸಿತು. ಒಬ್ಬರ ವೈಶಿಷ್ಟ್ಯ ಎಲ್ಲರ ಕರ್ತವ್ಯವಾಯಿತು. ಫೆಬ್ರವರಿ 2024ರಲ್ಲಿ ಸಂಸ್ಥೆಯ ಬ್ರಿಟನ್ ವಿಭಾಗವು ದಿವಾಳಿ ಆಡಳಿತಕ್ಕೆ ಒಳಪಟ್ಟಿತು. ಕಾರಣಗಳು ಹಲವು; ಆದರೂ ಪೈಪೋಟಿಗಾರರೆಲ್ಲರೂ ಅದೇ ಮಾತು ಹೇಳತೊಡಗಿದ ಮೇಲೆ ಹೆಚ್ಚಿನ ಬೆಲೆಗೆ ಸಮರ್ಥನೆ ಉಳಿಯಲಿಲ್ಲವೆಂಬುದು ನಮ್ಮ ಅಭಿಪ್ರಾಯ.

ಭಾರತದಲ್ಲಿಯೂ 2014ರಿಂದ ಇಂತಹ ಪರೀಕ್ಷೆ ಹಾಗೂ ಪರೀಕ್ಷಿತ ಪ್ರಸಾಧನಗಳ ಆಮದು ನಿಷಿದ್ಧ. ಹೀಗಿರುವಾಗ 'ಪ್ರಾಣಿಹಿಂಸಾರಹಿತ' ಎಂಬ ಮುದ್ರೆಯೊಂದನ್ನೇ ನೆಚ್ಚಿ ಬೆಲೆ ಏರಿಸುವುದು ಜಾಣತನವಲ್ಲ.

ಬೆಲೆಯ ಲೆಕ್ಕವನ್ನೂ ನೋಡೋಣ. ನ್ಯಾಯವಾದ ದರಕ್ಕೆ ಕೊಂಡ ಕಚ್ಚಾವಸ್ತುವಿನಿಂದ ಒಂದು ಡಬ್ಬಿ ಕ್ರೀಮಿನ ವೆಚ್ಚ 6 ರೂಪಾಯಿ ಹೆಚ್ಚಿತೆನ್ನಿ. ವಿತರಕನು ಶೇ. 8, ಚಿಲ್ಲರೆ ವರ್ತಕನು ಶೇ. 20 ಲಾಭಾಂಶ ಸೇರಿಸಿ, ಅದರ ಮೇಲೆ ಶೇ. 18 ಜಿಎಸ್‌ಟಿ ಬಿದ್ದರೆ ಗ್ರಾಹಕನಿಗೆ ತಗಲುವುದು 9 ರೂಪಾಯಿಗೂ ಹೆಚ್ಚು. ಇದರಲ್ಲಿ ಕಚ್ಚಾವಸ್ತು ಬೆಳೆದವನಿಗೆ ಸಲ್ಲುವುದು ಹೆಚ್ಚೆಂದರೆ 6 ರೂಪಾಯಿ. ಲಾಭಾಂಶವನ್ನು ಶೇಕಡಾವಾರು ಬಿಟ್ಟು ಡಬ್ಬಿಗಿಷ್ಟೆಂದು ನಿಗದಿಪಡಿಸಿಕೊಂಡರೆ ಏರಿಕೆ 7 ರೂಪಾಯಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ವಿತರಕರೊಡನೆ ಈ ಮಾತುಕತೆ ಕಷ್ಟದ್ದೇ. ಆದರೆ ಬೆಲೆಯೇ ನಿರ್ಣಾಯಕವಾದ ಕಡೆ ಎರಡು ರೂಪಾಯಿಯೂ ದೊಡ್ಡದು. ಸ್ನಾನದ ಸಾಬೂನಿನ ತೆರಿಗೆ ಸೆಪ್ಟೆಂಬರ್ 2025ರಲ್ಲಿ ಶೇ. 18ರಿಂದ 5ಕ್ಕೆ ಇಳಿದಿರುವುದರಿಂದ, ಇಂತಹ ಪ್ರಯೋಗವನ್ನು ಕ್ರೀಮಿಗಿಂತ ಸಾಬೂನಿನಲ್ಲಿ ಆರಂಭಿಸುವುದು ಹಗುರ.

ಇನ್ನು ಘೋಷಣೆಗಳ ವಿಚಾರ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಅಕ್ಟೋಬರ್ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಗಳಂತೆ 'ನೈಸರ್ಗಿಕ', 'ಪರಿಸರಸ್ನೇಹಿ' ಮುಂತಾದ ಪದಗಳನ್ನು ಆಧಾರವಿಲ್ಲದೆ ಬಳಸುವಂತಿಲ್ಲ. ಆದುದರಿಂದ ಲೇಬಲ್ ಅಚ್ಚಿಗೆ ಕಳುಹಿಸುವ ಮೊದಲೇ ಕಚ್ಚಾವಸ್ತುವಿನ ಖರೀದಿ ರಸೀದಿ, ಸರಬರಾಜುದಾರರ ಪ್ರಮಾಣಪತ್ರ, ಪ್ರಯೋಗಾಲಯದ ವರದಿ ಇವಿಷ್ಟನ್ನು ತಂಡವಾರು ಕಡತದಲ್ಲಿ ಇಟ್ಟುಕೊಳ್ಳತಕ್ಕದ್ದು.