ಅಂಗಡಿ ಮುಂದೆ ಮಾತು ಕೈಕೊಟ್ಟಾಗ: ಸ್ಕಿಜೋಫ್ರೇನಿಯಾ ಇರುವವರಿಗೆ ಕಲಿಸುವ ಬಗೆ

"ಮಾತ್ರೆ ಸರಿಯಾಗಿ ತಗೋತಾನೆ, ಕಿವೀಲಿ ದನಿ ಕೇಳೋದೂ ನಿಂತಿದೆ. ಆದ್ರೂ ಅಂಗಡಿಗೆ ಕಳಿಸಿದ್ರೆ ಸುಮ್ನೆ ನಿಂತು ವಾಪಸ್ ಬರ್ತಾನೆ." ಸ್ಕಿಜೋಫ್ರೇನಿಯಾ ಇರುವವರ ಮನೆಗಳಲ್ಲಿ ಇಂಥ ಮಾತು ಕೇಳಿಬರುತ್ತದೆ. ಬೆನ್ನಿಗೇ 'ಸೋಮಾರಿ' ಎಂಬ ಹೆಸರೂ ಅಂಟುತ್ತದೆ. ಇದು ಅನ್ಯಾಯ. ದನಿ, ಭ್ರಮೆಗಳನ್ನು ತಗ್ಗಿಸುವ ಔಷಧಿಗಳಿಂದ ಗಮನ, ನೆನಪು, ಯೋಚನೆಯ ವೇಗ ಅಷ್ಟಾಗಿ ಸುಧಾರಿಸುವುದಿಲ್ಲ. ಎದುರಿನವರ ಮುಖಭಾವ ಅರಿಯುವುದೂ ಹಲವರಿಗೆ ಕಷ್ಟ. ಏನು ಕೇಳಬೇಕೆಂದು ನೆನಪು ಮಾಡಿಕೊಳ್ಳುವಷ್ಟರಲ್ಲಿ ಅಂಗಡಿಯವರು ಮುಂದಿನ ಗಿರಾಕಿಯತ್ತ ತಿರುಗಿರುತ್ತಾರೆ.

ಹಾಗಾಗಿ ಬದಲಾಗಬೇಕಾದದ್ದು ನಾವು ಕಲಿಸುವ ರೀತಿ.

ಮೊದಲು, ಅವರಿಗೇ ಬೇಕೆನಿಸಿದ ಒಂದು ಕೆಲಸ ಆರಿಸಿಕೊಳ್ಳಿ. ಹಾಲು ತರುವುದು ಎಂದಿಟ್ಟುಕೊಳ್ಳೋಣ. ಅದನ್ನು ಚಿಕ್ಕ ಹೆಜ್ಜೆಗಳಾಗಿ ಬಿಡಿಸಿ: ಅಂಗಡಿಯವರ ಮುಖ ನೋಡುವುದು, "ಅರ್ಧ ಲೀಟರ್ ಹಾಲು ಕೊಡಿ" ಎನ್ನುವುದು, ದುಡ್ಡು ಕೊಟ್ಟು ಚಿಲ್ಲರೆ ಪಡೆಯುವುದು. ಇಷ್ಟನ್ನೇ ಚೀಟಿಯಲ್ಲಿ ಬರೆದು ಜೇಬಿಗಿಡಿ.

ಬಳಿಕ ನೀವೇ ಮಾಡಿ ತೋರಿಸಿ. ಉಪದೇಶ ಬೇಡ, ಉದ್ದನೆಯ ವಿವರಣೆ ಅರ್ಧದಲ್ಲೇ ಕಳೆದುಹೋಗುತ್ತದೆ. ಆಮೇಲೆ ಅವರು ಮಾಡಲಿ, ನೀವು ಅಂಗಡಿಯವರಾಗಿ. ಇಲ್ಲಿ ಅತ್ಯಂತ ಮುಖ್ಯವಾದ ಒಂದು ವಿಷಯವಿದೆ. "ಮುಂದೇನು, ನೀನೇ ಹೇಳು" ಎಂದು ಪರೀಕ್ಷೆಗೆ ನಿಲ್ಲಿಸಬೇಡಿ. ನೆನಪಿನ ತೊಂದರೆ ಇರುವವರು ಊಹಿಸಿ ತಪ್ಪು ಹೇಳಿದರೆ, ಆ ತಪ್ಪೇ ಮನಸ್ಸಿನಲ್ಲಿ ಉಳಿದುಬಿಡಬಹುದು. ಅವರು ತಡವರಿಸಿದ ಕೂಡಲೇ ಮುಂದಿನ ಮಾತನ್ನು ನೀವೇ ಹೇಳಿಕೊಡಿ. ಸರಾಗವಾಗಿ ಬರತೊಡಗಿದ ಮೇಲೆ ಮೊದಲ ಪದ ಮಾತ್ರ, ಅನಂತರ ಅದೂ ಬೇಡ. ಹತ್ತು ಹದಿನೈದು ನಿಮಿಷ ಸಾಕು, ಆದರೆ ದಿನವೂ ನಡೆಯಲಿ. ಟಿ.ವಿ. ಆರಿಸಿಡಿ. ಚೆನ್ನಾಗಿ ಮಾಡಿದ್ದನ್ನು ಮೊದಲು ಹೇಳಿ, ತಿದ್ದುವುದು ಒಮ್ಮೆಗೆ ಒಂದೇ ಅಂಶ.

ಮನೆಯಲ್ಲಿ ಕಲಿತದ್ದು ಅಂಗಡಿಯಲ್ಲಿ ತಾನಾಗಿ ಬರುವುದಿಲ್ಲ. ಜನ ಕಡಿಮೆ ಇರುವ ಹೊತ್ತಿನಲ್ಲಿ, ಅದೇ ಅಂಗಡಿಗೆ ಜೊತೆಯಲ್ಲಿ ಹೋಗಿ. ಅವರು ಒಪ್ಪಿದರೆ, ಸ್ವಲ್ಪ ಕಾಯುವಂತೆ ಅಂಗಡಿಯವರಿಗೂ ಮೊದಲೇ ಹೇಳಿಡಬಹುದು.

ವೈದ್ಯರನ್ನು ಕಂಡಾಗ, ಔಷಧಿಗಳಿಂದ ಬರುವ ಕೈನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಮಾತ್ರೆಯ ಬಗ್ಗೆ ಕೇಳಿ. ಅದು ನೆನಪನ್ನು ಇನ್ನಷ್ಟು ಮಂಕಾಗಿಸಬಲ್ಲದು. ನೀವಾಗಿ ನಿಲ್ಲಿಸಬೇಡಿ, ಪ್ರಮಾಣ ತಗ್ಗಿಸಬಹುದೇ ಎಂಬುದನ್ನು ವೈದ್ಯರೇ ನಿರ್ಧರಿಸಲಿ. ಇನ್ನಷ್ಟು ನೆರವು ಬೇಕಿದ್ದರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯಕೀಯ ಪುನರ್ವಸತಿ ಸೇವೆ ಇದೆ. ದೂರದ ಊರಿನವರು ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.